ನಾದಿನಿ ಕೇಳಿದ ಚಟ

ತಾಬೋರಾಳ ಕೈಯಲ್ಲಿ ಕೇದಗೆ ಎಲೆ ಇಲ್ಲದ್ದನ್ನು ನಾನು ನೋಡಿಲ್ಲ. ಅಬೆಮಾಮ ದ್ವೀಪದ ನಮ್ಮ ಹಳ್ಳಿಯಲ್ಲಿ ಅವಳಷ್ಟು ಬಿಗಿಯಾಗಿ ಚಾಪೆ ಹೆಣೆಯುವವರಿಲ್ಲ. ಆದರೂ ಅವಳ ಮನೆಯಲ್ಲಿ ತೂತಿಲ್ಲದ ಚಾಪೆ ಒಂದೂ ಇರಲಿಲ್ಲ. ತೂತುಗಳು ಗಂಡ ತೆಬುಕಾನ ಕಾಣಿಕೆ. ಅವನು ಸೇದುತ್ತಾ ಕುಳಿತಲ್ಲೆಲ್ಲ ಕಿಡಿ ಉದುರಿಸುವನು, ಅವಳು ತೇಪೆ ಹಾಕುವಳು.

ನಮ್ಮ ಗಂಡಸರು ಹೊಗೆಸೊಪ್ಪನ್ನು ಒಣ ಕೇದಗೆ ಎಲೆಯಲ್ಲಿ ಸುತ್ತಿ ಸೇದುತ್ತಾರೆ. ಸುತ್ತುವುದಷ್ಟೇ ಅವರ ಕೆಲಸ. ಎಲೆಯ ಮುಳ್ಳು ತೆಗೆದು, ಬಿಸಿಲಿಗೆ ಹರಡಿ, ಮಳೆ ಬಂದರೆ ಓಡಿಹೋಗಿ ಎತ್ತಿಟ್ಟು, ಬೆಂಕಿಗೆ ಹಿಡಿದು ಮೆತ್ತಗೆ ಮಾಡಿ, ಬೆರಳಗಲಕ್ಕೆ ಸೀಳಿಡುವವಳು ಹೆಂಡತಿ. ಕೆಂಡ ತಂದುಕೊಡುವವಳೂ ಅವಳೇ. ಬೂದಿ ಯಾರು ಗುಡಿಸುತ್ತಾರೆಂದು ಕೇಳಲೇಬೇಡಿ.

"ಇರೋದೊಂದು ಚಟ. ಯಾರಿಗೇನು ತೊಂದ್ರೆ?" ಎನ್ನುತ್ತಿದ್ದ ತೆಬುಕಾ.

"ಏನೂ ಇಲ್ಲ. ಸೇದೋದೊಂದು ಬಿಟ್ಟು ಮಿಕ್ಕಿದ್ದೆಲ್ಲ ನಾನೇ ಮಾಡ್ತೀನಲ್ಲ. ಅದನ್ನೂ ನಂಗೇ ವಹಿಸಿಬಿಡು, ನಿಂಗೆ ಇನ್ನೂ ಆರಾಮ."

ತೆಂಗಿನ ಮರ ಹತ್ತಿ ನೀರಾ ಇಳಿಸುವವನು ಮೇಲೆ ಕೂತು ಹಾಡಬೇಕು. ಮರದ ಮೇಲೆ ಆಳಿದ್ದಾನೆಂದು ಕೆಳಗಿನವರಿಗೆ ತಿಳಿಯಲಿ ಎಂದು. ಪ್ರಾಯದಲ್ಲಿ ತೆಬುಕಾ ಹಾಡಿದರೆ ದೋಣಿಯವರು ಹುಟ್ಟು ಹಾಕುವುದನ್ನು ನಿಲ್ಲಿಸುತ್ತಿದ್ದರಂತೆ. ಈಗೀಗ ಎರಡನೆಯ ಸಾಲಿಗೇ ಹಾಡು ಕೆಮ್ಮಾಗುತ್ತಿತ್ತು. ಹಳ್ಳಿಯ ಮಕ್ಕಳು ಕೆಮ್ಮನ್ನೂ ಸೇರಿಸಿಯೇ ಆ ಹಾಡು ಕಲಿತಿದ್ದವು.

ನಮ್ಮ ನಗು ನಿಂತದ್ದು ಮೊಮ್ಮಗಳು ರೂತಾಳ ಎದೆ ಸಿಳ್ಳೆ ಹಾಕತೊಡಗಿದಾಗ. ತರಾವಾ ದ್ವೀಪದಲ್ಲಿರುವ ಮಗಳಿಂದ ಎಳೆಗೂಸಾಗಿದ್ದಾಗಲೇ ತಂದು ತಾಬೋರಾ ಸಾಕಿದ ಮಗು ಅದು. ನರ್ಸು ಔಷಧಿಯನ್ನೇನೋ ಕೊಟ್ಟಳು. "ಆದ್ರೆ ಅಜ್ಜಿ, ಮನೇಲಿ ಹೊಗೆಸೊಪ್ಪು ಉರೀತಿದ್ರೆ ಇದು ವಾಸಿಯಾಗಲ್ಲ. ಹೊಗೆಯಾದ್ರೂ ಹೋಗ್ಬೇಕು, ಮಗುವಾದ್ರೂ ಹೋಗ್ಬೇಕು" ಎಂದಳು. ಸುದ್ದಿ ತಿಳಿದ ಮಗಳು ಮುಂದಿನ ಹಡಗಿನಲ್ಲಿ ಮಗುವನ್ನು ಕಳಿಸಿಬಿಡಲು ಹೇಳಿಕಳಿಸಿದಳು.

"ಹೊರಗೆ ಕೂತು ಸೇದ್ತೀನಿ ಬಿಡು" ಎಂದ ತೆಬುಕಾ. ಗೋಡೆಯೇ ಇಲ್ಲದ ನಮ್ಮ ಮನೆಗಳಿಗೆ ಒಳಗೆ ಯಾವುದು, ಹೊರಗೆ ಯಾವುದು?

"ಹಾಗಾದ್ರೆ ನಿನ್ನ ಒಲೆಯ ಹೊಗೆ?" ಎಂದು ಹೆಂಡತಿಯನ್ನೇ ಕೇಳಿದ.

"ನನ್ನ ಒಲೆ ಮಗೂನ ತೊಡೆ ಮೇಲೆ ಕೂರಿಸ್ಕೊಂಡು ಉರಿಯಲ್ಲ."

ನಂಟರು ಬಾಯಿಬಿಟ್ಟು ಏನು ಕೇಳಿದರೂ ನಮ್ಮಲ್ಲಿ ಇಲ್ಲವೆನ್ನುವಂತಿಲ್ಲ. ಇದಕ್ಕೆ ಬುಬುಸಿ ಎನ್ನುತ್ತೇವೆ. ಇಲ್ಲವೆಂದವನು ಮತ್ತೆ ಸಭಾಮನೆಯಲ್ಲಿ ತಲೆಯೆತ್ತಿ ಕೂರುವ ಹಾಗಿಲ್ಲ. ತೆಬುಕಾನಿಗಂತೂ ಕೇಳುವ ಮೊದಲೇ "ತಗೊ" ಎನ್ನುವ ಜಂಬ. ಹಾಗೆಯೇ ಸೈಕಲ್ಲು ಹೋಗಿತ್ತು, ಲಾಟೀನು ಹೋಗಿತ್ತು. ದಾನಶೂರನೆಂಬ ಹೆಸರು ಅವನಿಗೆ, ಮತ್ತೆ ಚಾಪೆ ಹೆಣೆದು ಲಾಟೀನು ತರುವ ಕೆಲಸ ಇವಳಿಗೆ.

ಒಂದು ಮಧ್ಯಾಹ್ನ ತಾಬೋರಾ, ಅವಳ ತಂಗಿ ರಕೇರಾ, ನೆರೆಮನೆಯವಳಾದ ನಾನು ಒಂದೇ ಚಾಪೆ ಹೆಣೆಯುತ್ತಿದ್ದೆವು.

"ಅಕ್ಕಾ, ಭಾವನ ಹೊಗೆಸೊಪ್ಪಿನ ಡಬ್ಬಿ ಕೇಳ್ಬಿಡ್ಲಾ?"

"ಡಬ್ಬಿ ಹೋದ್ರೆ ಇನ್ನೊಂದು ತರ್ತಾನೆ. ಬೇರನ್ನೇ ಕೇಳು."

ಭಾನುವಾರ ಊಟ ಮುಗಿದು ಊರೆಲ್ಲ ಸಭಾಮನೆಯಲ್ಲಿ ಕುಳಿತಿತ್ತು. ರಕೇರಾ ಎದ್ದು ನಿಂತಳು.

"ಭಾವಾ, ನಂದೊಂದು ಬುಬುಸಿ ಇದೆ."

"ಕೊಟ್ಟೆ ಹೋಗು! ಏನಾದ್ರೂ ಸರಿ, ನಿಂದೇ."

"ಏನು ಅಂತ ಕೇಳಲ್ವಾ?"

"ಕೇಳಿ ಕೊಡೋಕೆ ನಾನೇನು ಅಂಗಡಿ ಇಟ್ಟಿದ್ದೀನಾ?"

"ಹಾಗಾದ್ರೆ ನಿನ್ನ ಸೇದೋ ಚಟ ಕೊಡು. ಡಬ್ಬಿ ಸಮೇತ. ಇವತ್ತಿಂದ ಅದು ನಂದು."

ಸಭಾಮನೆಯ ಮಾಡು ಹಾರಿಹೋಗುವಂತೆ ಜನ ನಕ್ಕರು.

"ಚಟ ಏನು ಹಂದಿಮರೀನಾ, ಹಗ್ಗ ಕಟ್ಟಿ ಕೈಗೆ ಕೊಡೋಕೆ?" ತೆಬುಕಾ ಬೆವರಿದ.

"ಕೊಟ್ಟೆ ಅಂದ್ಯಲ್ಲಪ್ಪ" ಎಂದರು ಹಿರಿಯರೊಬ್ಬರು, ತಮ್ಮ ಸುರುಟನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸುತ್ತಾ. ಡಬ್ಬಿ ಕೈ ಬದಲಾಯಿಸಿತು.

ಆಮೇಲಿನ ದಿನಗಳು ತಾಬೋರಾಳಿಗೆ ಹಬ್ಬವೇನೂ ಆಗಿರಲಿಲ್ಲ. ಮೀನು ಉಪ್ಪಾಯಿತು, ಕೆಸುವಿನ ಗೆಡ್ಡೆ ಬೆಂದಿಲ್ಲ, ಕೋಳಿ ಕೂಗಿದ್ದು ಜೋರಾಯಿತು, ಎಲ್ಲಕ್ಕೂ ಅವನು ಸಿಡುಕುವವನು. ಚಟ ಬಿಟ್ಟವನ ಸಿಡುಕನ್ನು ನುಂಗುವ ಕೆಲಸವೂ ಹೆಂಡತಿಯ ಪಾಲಿಗೇ ಬಂತು. ಒಮ್ಮೆ ದೋಣಿಮನೆಯ ಹಿಂದೆ ಕದ್ದು ಸೇದುತ್ತಿದ್ದವನನ್ನು ಹೆಂಗಸರು ಕಂಡು ಕೂಗಿದರು: "ರಕೇರಾ, ಓಡಿ ಬಾರೇ, ನಿನ್ನ ಆಸ್ತಿ ಕದೀತಿದಾನೆ!" ಅವನು ಸುರುಟನ್ನು ನೀರಿಗೆಸೆದು ತಾನೂ ನೀರಿಗಿಳಿದ.

ಕೊನೆಗೆ ಅವನಿಗೂ ಬುಬುಸಿ ನೆನಪಾಯಿತು. ನಾದಿನಿಯ ಮುಂದೆ ಹೋಗಿ ನಿಂತ. "ನನ್ನ ಚಟ ವಾಪಸ್ ಕೊಡು."

"ನೀನು ಕೇಳಿದ್ರೆ ಇಲ್ಲ ಅಂತೀನಾ ಭಾವ? ಆದ್ರೆ ನನ್ನ ಹತ್ರ ಇಲ್ವಲ್ಲ. ರೂತಾ ಕೇಳಿದ್ಲು, ಡಬ್ಬಿ ಸಮೇತ ಕೊಟ್ಬಿಟ್ಟೆ."

ಅವನು ಮನೆಗೆ ಬಂದ. ನಾವು ಹೆಣೆಯುವುದನ್ನು ನಿಲ್ಲಿಸಿದೆವು.

"ರೂತಾ, ಚಿನ್ನ, ಆ ಡಬ್ಬಿ ಅಜ್ಜಂಗೆ ಕೊಡ್ತೀಯಾ?"

"ಅದು ನಂದಲ್ಲ ಅಜ್ಜ. ಏಡಿಗೆ ಕೊಟ್ಟೆ." ಡಬ್ಬಿಯ ಮುಚ್ಚಳ ತೆಗೆದು ತೋರಿಸಿದಳು. ಮರಳಿನ ಮೇಲೆ, ಬೆನ್ನ ಮೇಲೊಂದು ಶಂಖ ಹೊತ್ತು, ಪುಟ್ಟ ಏಡಿಯೊಂದು ಕುಳಿತಿತ್ತು. "ಅದನ್ನೇ ಕೇಳು."

"ಹೇಗೆ ಕೇಳ್ತಾನೆ?" ತಾಬೋರಾ ತಲೆಯೆತ್ತದೆ ಹೇಳಿದಳು. "ಬುಬುಸಿ ನಂಟರ ಹತ್ರ ಮಾತ್ರ. ಏಡಿ ನಮಗೇನಾಗ್ಬೇಕು?"

ಬೈಯಲು ಬಾಯಿ ತೆರೆದವನಿಗೆ ಪಕ್ಕದಲ್ಲೇ ಸಣ್ಣದೊಂದು ಸಿಳ್ಳೆ ಕೇಳಿಸಿತು. ಬಗ್ಗಿ ಮಗುವಿನ ಬೆನ್ನಿಗೆ ಕಿವಿಯಿಟ್ಟ.

"ನಿಜವಾಗ್ಲೂ ಇದರ ಎದೆ ಸಿಳ್ಳೆ ಹಾಕ್ತಿದೆಯಲ್ಲೇ! ನೀವು ಹೆಚ್ಚಿಗೆ ಹೇಳ್ತಿದ್ದೀರಿ ಅಂದ್ಕೊಂಡಿದ್ದೆ. ಯಾವಾಗಿಂದ ಹೀಗೆ?"

"ಹೋದ ಮಳೆಗಾಲದಿಂದ. ಈಗ ಮೊದಲಿನಷ್ಟಿಲ್ಲ. ನಿನ್ನ ಕೆಮ್ಮಿನ ಗಲಾಟೇಲಿ ನಿಂಗೆ ಕೇಳಿಸ್ಲಿಲ್ಲ, ಅಷ್ಟೆ."

ಅವನು ಬಹಳ ಹೊತ್ತು ಕಿವಿ ತೆಗೆಯಲಿಲ್ಲ. ಡಬ್ಬಿಯನ್ನು ಮತ್ತೆ ಕೇಳಲೂ ಇಲ್ಲ.

ಹಡಗು ಬಂತು, ಹೋಯಿತು. ರೂತಾ ಇಲ್ಲೇ ಉಳಿದಳು. ಸುಟ್ಟ ಶ್ವಾಸಕೋಶ ಪೂರ್ತಿ ಮೊದಲಿನಂತಾಗುವುದಿಲ್ಲವೆಂದು ನರ್ಸು ತೆಬುಕಾನಿಗೆ ಹೇಳಿದ್ದಾಳೆ. ಮರದ ಮೇಲಿನ ಹಾಡು ಮಾತ್ರ ನಾಲ್ಕನೆಯ ಸಾಲಿನವರೆಗೂ ಬರುತ್ತದೆ. ಮಕ್ಕಳು ಹಾಡನ್ನು ಹೊಸದಾಗಿ ಕಲಿಯಬೇಕಾಗಿದೆ.

ತಾಬೋರಾಳ ಮನೆಯಲ್ಲಿ ತೂತಿಲ್ಲದ ಚಾಪೆಯೊಂದು ಹಾಸಿದೆ. ಮೊನ್ನೆ ಅದರ ಮೇಲೆ ಕೂತು ರಕೇರಾ ಕೇಳಿದಳು: "ಅಕ್ಕಾ, ಈ ಭಾನುವಾರ ಏನು ಕೇಳ್ಲಿ? ಪಾತ್ರೆ ತೊಳೆಯೋದು?"

"ಅದು ಅವನ ಹತ್ರ ಎಲ್ಲಿದೆ, ಕೊಡೋಕೆ?" ತಾಬೋರಾ ಎಲೆ ಸೀಳುತ್ತಾ ಯೋಚಿಸಿದಳು. "ಅವನ ಮಧ್ಯಾಹ್ನದ ನಿದ್ದೆ ಕೇಳು. ನಿನ್ನಿಂದ ನಾನು ಇಸ್ಕೋತೀನಿ."