ಕೂಸಿನ ತೂಕದ ಜೇನು

ವಿಘ್ನೇಶ್ವರ ಹೆಗಡೆ ಹರಕೆ ಹೇಳಿಕೊಂಡದ್ದು ಶಿರಸಿಯ ಆಸ್ಪತ್ರೆಯೊಂದರ ಅಂಗಳದಲ್ಲಿ. ಚಪ್ಪಲಿ ಬಿಟ್ಟು, ಊರಿನ ಗಣಪತಿ ಗುಡಿ ಯಾವ ದಿಕ್ಕಿಗೆ ಬರುತ್ತದೆಂದು ಅಂದಾಜು ಮಾಡಿ, ಆ ಕಡೆ ಮುಖ ಹಾಕಿ ನಿಂತ. ತೊಂಬತ್ತೊಂದನೇ ಇಸವಿ. ಮದುವೆಯಾಗಿ ಒಂಬತ್ತು ವರ್ಷಕ್ಕೆ ಹುಟ್ಟಿದ ಹೆಣ್ಣು ಕೂಸು, ದಿನ ತುಂಬುವ ಮೊದಲೇ ಬಂದದ್ದು, ಒಂದೂವರೆ ಕಿಲೋ. ಡಾಕ್ಟರು “ನೋಡೋಣ” ಎಂದಿದ್ದರು. ಡಾಕ್ಟರ ಬಾಯಲ್ಲಿ ಅದಕ್ಕಿಂತ ಕೆಟ್ಟ ಮಾತು ಇನ್ನೊಂದಿಲ್ಲ ಎಂದು ಯಾರಿಗೆ ಗೊತ್ತಿಲ್ಲ?

“ಗಣಪತೀ, ಕೂಸು ಉಳಿದರೆ ಅದರ ತೂಕದಷ್ಟು ಜೇನುತುಪ್ಪ ನಿಂಗೆ. ಪೇಟೆದಲ್ಲ, ಯನ್ನ ಪೆಟ್ಟಿಗೆದೇ” ಎಂದ.

ಆಗ ಅವನ ಮನೆಯ ಸುತ್ತ ನಲವತ್ತು ಜೇನುಪೆಟ್ಟಿಗೆ. ಒಂದೂವರೆ ಕಿಲೋ ಅವನಿಗೆ ಯಾವ ಲೆಕ್ಕ? ಒಂದೇ ಪೆಟ್ಟಿಗೆಯಿಂದ ಜೇನು ತುಂಬಿದ ನಾಲ್ಕು ಎರಿ ತೆಗೆದರೆ ಮುಗಿಯಿತು. ಕೂಸು ಉಳಿಯಿತು. ಸಮೃದ್ಧಿ ಎಂದು ಹೆಸರಿಟ್ಟರು. ಹರಕೆಯ ವಿಷಯ ಕೇಳಿ ಹೆಂಡತಿ ಪರಿಮಳಾ ಮೊದಲು ಕೈಮುಗಿದಳು, ಆಮೇಲೆ ಒಂದು ಪ್ರಶ್ನೆ ಎಸೆದಳು.

“ಹುಟ್ಟಿದ ತೂಕ ಅಂತ ಹೇಳಿದ್ರ, ತೂಗೋ ದಿನದ ತೂಕ ಅಂತ ಹೇಳಿದ್ರ?”

“ಕೂಸಿನ ತೂಕ ಅಂದೆ.”

“ಅಯ್ಯೋ ದೇವರೇ! ಕೂಸು ಅಷ್ಟರಲ್ಲೇ ಇರ್ತ?”

ಗುಡಿಯ ಅರ್ಚಕ ಮಧುಕೇಶ್ವರ ಭಟ್ಟರದೂ ಅದೇ ತೀರ್ಪು. ತುಲಾಭಾರವೆಂದರೆ ತಕ್ಕಡಿಯಲ್ಲಿ ಕೂತ ದಿನ ಎಷ್ಟೋ ಅಷ್ಟು. ಮೊದಲು ಕೂಸಿಗೆ ವರ್ಷ ತುಂಬಲಿ, ನೆಟ್ಟಗೆ ಕೂರಲಿ ಎಂದರು ಭಟ್ಟರು. ನಲವತ್ತು ಪೆಟ್ಟಿಗೆ ಇದ್ದವನಿಗೆ ಗಡಿಬಿಡಿ ಯಾಕೆ?

ವರ್ಷ ತುಂಬುವುದರೊಳಗೆ ಜೇನಿಗೆ ರೋಗ ಬಂತು. ಮರಿಹುಳು ಎರಿಯೊಳಗೇ ನೀರು ತುಂಬಿದ ಚೀಲದ ಹಾಗೆ ಊದಿ ಸಾಯುವ ರೋಗ. ಇಡೀ ಸೀಮೆಯಲ್ಲಿ ಪೆಟ್ಟಿಗೆಗಳು ಖಾಲಿಯಾದವು. ತಿಳಿದವರು ಬಂದು ರೋಗದ ಎರಿ ಸುಟ್ಟುಬಿಡಿ ಎಂದರು. ವಿಘ್ನೇಶ್ವರ ಒಂದೊಂದೇ ಎರಿ ಸುಟ್ಟ, ಅತ್ತ, ಯಾರನ್ನು ಬೈಯಬೇಕೆಂದು ತಿಳಿಯದೆ ಬೆಂಕಿಯನ್ನೇ ಬೈದ. ನಲವತ್ತರಲ್ಲಿ ಉಳಿದದ್ದು ಒಂದು. ಊರಿನ ಉಳಿದವರು ಪೆಟ್ಟಿಗೆಯನ್ನು ಬಚ್ಚಲೊಲೆಗೆ ಹಾಕಿ ಸ್ನಾನ ಮಾಡಿದರು. ಇವನು ಮಾತ್ರ ಮೂವತ್ತೊಂಬತ್ತು ಖಾಲಿ ಪೆಟ್ಟಿಗೆಗಳನ್ನೂ ತೊಳೆದು ಬಿಸಿಲಿಗಿಟ್ಟು, ಪೊಟರೆ, ಹುತ್ತ ಎನ್ನದೆ ಹೊಸ ಜೇನು ಹುಡುಕುತ್ತ ಬೆಟ್ಟ ಸುತ್ತಿದ. ಪೇಟೆಯ ಜೇನು ತಂದು ಹರಕೆ ತೀರಿಸಿಬಿಡು ಎಂದವರಿಗೆ ಅವನ ಉತ್ತರ ಒಂದೇ: “ಮಾತು ಕೊಟ್ಟದ್ದು ಆನು. ಪೇಟೆ ಅಲ್ಲ.”

ಹಟಮಾರಿ ಎಂದರು ಜನ. ಹೌದು, ಹಟಮಾರಿಯೇ. ಆದರೆ ಹಟಕ್ಕೆ ಅಡ್ಡ ಬರುವ ಇನ್ನೊಂದು ಸಂಗತಿ ಆ ಮನೆಯಲ್ಲೇ ಇತ್ತು. ಔಷಧಿಗೆಂದು ಯಾರು ಜೇನು ಕೇಳಿ ಬಂದರೂ ಇಲ್ಲ ಎನ್ನಬಾರದು, ದುಡ್ಡು ಮುಟ್ಟಬಾರದು. ಅವನ ಅಪ್ಪನ ಕಾಲದಿಂದ ನಡೆದು ಬಂದ ಪದ್ಧತಿ. ಕೆಮ್ಮಿಗೆ, ಸುಟ್ಟ ಗಾಯಕ್ಕೆ, ಚೂರ್ಣ ಕಲಸಲು ಎಂದು ಸಣ್ಣ ಬಾಟಲಿ ಹಿಡಿದವರು ಬರುತ್ತಲೇ ಇದ್ದರು. ನಲವತ್ತು ಪೆಟ್ಟಿಗೆ ಇದ್ದಾಗ ಅದು ಗೊತ್ತೇ ಆಗುತ್ತಿರಲಿಲ್ಲ. ಮೂರು ಪೆಟ್ಟಿಗೆ, ಐದು ಪೆಟ್ಟಿಗೆ ಆದಾಗ ಹರಕೆಯ ಡಬ್ಬ ಒಂದು ಕಡೆ ತುಂಬುವುದು, ಇನ್ನೊಂದು ಕಡೆ ಬರಿದಾಗುವುದು. ಸಮೃದ್ಧಿ ಮಾತ್ರ ಒಂದೇ ಸಮನೆ ಬೆಳೆಯುತ್ತಿದ್ದಳು. ಮಗಳು ಎರಡನೇ ದೋಸೆಗೆ ಕೈ ಚಾಚಿದರೆ ಪರಿಮಳಾ ಗಂಡನ ಮುಖ ನೋಡಿ ನಗುವಳು.

ಭಟ್ಟರದಂತೂ ಬೇರೆಯೇ ಕತೆ. ಬೆಳಿಗ್ಗೆ ಪ್ರಸಾದ ಕೊಡುವಾಗ, “ಹರಕೆ ಬಾಕಿ ಇದ್ದು ಮಾರಾಯ, ನೆನಪಿದ್ದ?” ಎನ್ನುವರು. ಸಂಜೆ ತಾಯಿಯ ದಮ್ಮಿನ ಔಷಧಿಗೆಂದು ಬಾಟಲಿ ಹಿಡಿದು ಅದೇ ಜೇನಿಗೆ ಬರುವರು. ವಿಘ್ನೇಶ್ವರ ಬಾಟಲಿಯ ಕತ್ತಿನವರೆಗೂ ತುಂಬಿಸಿ ಕೊಡುವನು.

ತೊಂಬತ್ತೇಳರಲ್ಲಿ ಪೆಟ್ಟಿಗೆ ಒಂಬತ್ತಾದವು. ಬೇಸಿಗೆಯಲ್ಲಿ ಹನ್ನೊಂದು ಕಿಲೋ ಜೇನು ಕೂಡಿತು. ಸಮೃದ್ಧಿ ಹದಿನಾರು ಕಿಲೋ. ಇನ್ನೊಂದು ಸಲ ಎರಿ ತೆಗೆದರೆ ಮುಗಿದೇಹೋಯಿತು! ಈ ವರ್ಷ ಏನಾದರೂ ಆಗಲಿ, ತೀರಿಸಿಯೇ ಸೈ ಎಂದುಕೊಂಡ. ಶಿರಸಿಗೆ ಹೋದವನು ಒಂದು ಬೀಗ ತಂದು ಜೇನಿನ ಕಪಾಟಿಗೆ ಜಡಿದ. ಆ ಮನೆಯ ಅಡುಗೆಮನೆ ಕಂಡ ಮೊದಲ ಬೀಗ ಅದು.

“ಇದೆಂತಕ್ಕೆ?” ಎಂದಳು ಪರಿಮಳಾ.

“ದೇವರದ್ದು ದೇವರಿಗೆ ಮುಟ್ಟಬೇಕು. ಅದಕ್ಕೆ.”

ಅವಳು ಬೀಗವನ್ನು ಒಮ್ಮೆ ಎಳೆದು ನೋಡಿ, ಒಲೆಯ ಕಡೆ ಹೋದಳು.

ನಾಲ್ಕನೇ ದಿನ ನಾಗಿ ಬಂದಳು. ಅವರ ಮನೆಗೆ ಕೆಲಸಕ್ಕೆ ಬರುತ್ತಿದ್ದ ಹೆಂಗಸು. ಗಂಡನಿಲ್ಲ, ಮೂರು ವರ್ಷದ ಮಗಳು ಗೀತಾ ಒಬ್ಬಳೇ. ಅಂಗಳದಲ್ಲೇ ನಿಂತು, “ಹೆಗಡೇರೆ, ಹುಡುಗಿಗೆ ನಾಯಿಕೆಮ್ಮು. ಮೂರ್ ದಿನಾತು, ಉಸ್ರು ಕಟ್ಟಿದಂಗೆ ಮಾಡ್ತದೆ. ಒಂಚೂರು ಜೇನು ಕೊಡ್ರಾ” ಎಂದಳು.

ವಿಘ್ನೇಶ್ವರನ ಕೈ ಸೊಂಟದ ಕೀಲಿಯ ಮೇಲೆ ಹೋಯಿತು. ಹೋದದ್ದು ಅಲ್ಲೇ ನಿಂತಿತು. “ಇಲ್ಲ ನಾಗಿ. ಇರೋದೆಲ್ಲ ದೇವರದ್ದು, ಹರಕೇದು” ಎಂದುಬಿಟ್ಟ.

ಅವಳು ಗೊಣಗಿದ್ದರೆ, ಬೈದಿದ್ದರೆ ಅವನಿಗೂ ಎದುರು ಮಾತಾಡಲು ಬರುತ್ತಿತ್ತು. ನಾಗಿ ಹಾಗೆ ಮಾಡಲಿಲ್ಲ. “ದೇವ್ರದ್ದು ಅಂದ್ಮೇಲೆ ಬ್ಯಾಡ್ರಾ. ನಾ ಕೇಳಿದ್ದೇ ತಪ್ಪಾತು” ಎಂದು, ಒಳಗಿದ್ದ ಕಪಾಟಿನ ಕಡೆಗೆ ಅಲ್ಲಿಂದಲೇ ಕೈಮುಗಿದು ಹೋದಳು.

ಆ ದಿನ ಅವನಿಗೆ ಊಟ ಸೇರಲಿಲ್ಲ. ಮರುದಿನ ಬೆಳಿಗ್ಗೆ ಪರಿಮಳಾ ಸುದ್ದಿ ತಂದಳು. ನಾಗಿ ಮಗಳನ್ನು ಶಿರಸಿಯ ಆಸ್ಪತ್ರೆಗೆ ಹೊತ್ತುಕೊಂಡು ಹೋಗಿದ್ದಾಳೆ, ಉಸಿರಾಟ ಕಷ್ಟವಂತೆ. ಹೇಳಿ ಮುಗಿಸಿ ಅವಳು ಕಪಾಟಿನ ಕಡೆ ಒಂದೇ ಒಂದು ಸಲ ನೋಡಿದಳು. ವಿಘ್ನೇಶ್ವರ ಬೀಗ ತೆಗೆದು, ಇದ್ದ ಡಬ್ಬವನ್ನೇ ಎತ್ತಿಕೊಂಡು, ಒಂಬತ್ತರ ಬಸ್ಸು ಹಿಡಿದ.

ಸಮೃದ್ಧಿಯನ್ನು ಇಟ್ಟಿದ್ದ ಅದೇ ಆಸ್ಪತ್ರೆ, ಅದೇ ವಾರ್ಡು. ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ಗೀತಾ ಮಲಗಿದ್ದಳು, ಕೈಗೆ ಸೂಜಿ, ಎದೆ ಏರಿ ಇಳಿಯುತ್ತಿತ್ತು. ಡಾಕ್ಟರು “ನೋಡೋಣ” ಎಂದಿದ್ದಾರೆ ಎಂದಳು ನಾಗಿ. ವಿಘ್ನೇಶ್ವರ ಗೋಡೆ ಹಿಡಿದು ಕೂತ. ಜೇನು ಕೊಟ್ಟಿದ್ದರೆ ಹುಡುಗಿ ಹುಷಾರಾಗುತ್ತಿದ್ದಳೋ ಇಲ್ಲವೋ, ಯಾರಿಗೆ ಗೊತ್ತು? ಬಹುಶಃ ಇಲ್ಲ. ಆದರೆ ಕೊಡಲಿಲ್ಲ ಎಂಬುದಂತೂ ಖಂಡಿತ. ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು.

ನಾಗಿ ಡಬ್ಬ ನೋಡಿ ಗಾಬರಿಯಾದಳು. “ಇದ್ಯಾಕೆ ತಂದ್ರಾ? ದೇವ್ರದ್ದಲ್ವಾ?”

“ಇಟ್ಕೋ. ದೇವರಿಗೆ ನಾನು ಹೇಳ್ಕತ್ತೆ.”

ಗೀತಾ ಹನ್ನೆರಡು ದಿನಕ್ಕೆ ಮನೆಗೆ ಬಂದಳು. ಬೀಗ ಕೊಟ್ಟಿಗೆಯ ಹಿಂದಿನ ಗೊಬ್ಬರಗುಂಡಿ ಸೇರಿತು. ದೇವರಿಗೆ ಅವನು ಏನು ಹೇಳಿಕೊಂಡ ಎಂದು ಯಾರಿಗೂ ಗೊತ್ತಿಲ್ಲ. ಗೊತ್ತಿರುವುದು ಇಷ್ಟು: ಅಂದಿನಿಂದ ಬಾಟಲಿ ಹಿಡಿದು ಬಂದವರಿಗೆ ಮೊದಲು, ಹರಕೆಗೆ ಆಮೇಲೆ. ಆದರೆ ಹರಕೆಯನ್ನೂ ಬಿಡಲಿಲ್ಲ ಪುಣ್ಯಾತ್ಮ. ಪೆಟ್ಟಿಗೆ ಹದಿನೈದಾದವು, ಇಪ್ಪತ್ತಾದವು. ಮತ್ತೆ ಎರಡು ವರ್ಷ ರೋಗ ಬಂದು ಎಂಟಕ್ಕಿಳಿದವು. ಮತ್ತೆ ಬೆಟ್ಟ ಹತ್ತಿದ.

ಎರಡು ಸಾವಿರದ ಮೂರು. ಭಟ್ಟರು ಮನೆಗೇ ಬಂದು ಕೂತರು. “ಕೂಸಿಗೆ ಹನ್ನೆರಡು ಆತು. ದೊಡ್ಡಾದ ಮೇಲೆ ತಕ್ಕಡಿಲಿ ಕೂರಿಸೋ ಪದ್ಧತಿ ಇಲ್ಲೆ. ಈ ಅಕ್ಷಯ ತದಿಗೆ ತಪ್ಪಿದರೆ ಹರಕೆ ತಪ್ಪಿತು ಹೇಳಿಯೇ ಲೆಕ್ಕ.”

“ಅಕ್ಷಯ ತದಿಗೆಗೆ ಬತ್ಯ” ಎಂದ ವಿಘ್ನೇಶ್ವರ.

ಆ ದಿನ ಬೆಳಿಗ್ಗೆ ಸಮೃದ್ಧಿ ತಿಂಡಿಗೆ ಬರಲಿಲ್ಲ. ಕೇಳಿದರೆ, ನಿನ್ನೆ ಮಧ್ಯಾಹ್ನದಿಂದಲೇ ಉಪವಾಸವಂತೆ. “ಸ್ವಲ್ಪನಾದ್ರೂ ಹಗುರಾಗ್ತಲ ಅಪ್ಪಯ್ಯ” ಎಂದಳು.

ವಿಘ್ನೇಶ್ವರನಿಗೆ ನಗುವೂ ಬಂತು, ಸಿಟ್ಟೂ ಬಂತು. “ದೇವರಿಗೆ ಟೋಪಿ ಹಾಕ್ತ್ಯ? ಕೂತ್ಕ, ತಿನ್ನು!” ಎಂದು ಎದುರಿಗೆ ಕೂತು ನಾಲ್ಕು ದೋಸೆ ತಿನ್ನಿಸಿದ.

ಗುಡಿಯ ಹೊರಾಂಗಣದಲ್ಲಿ ತಕ್ಕಡಿ ಕಟ್ಟಿದ್ದರು. ಎರಡು ದೊಡ್ಡ ಡಬ್ಬ ಜೇನು. ಒಂದನ್ನು ವಿಘ್ನೇಶ್ವರನೇ ಹೊತ್ತಿದ್ದ, ಇನ್ನೊಂದನ್ನು ನಾಗಿ ತಲೆಯ ಮೇಲೆ ಹೊತ್ತು ತಂದಳು, ಒಂಬತ್ತು ವರ್ಷದ ಗೀತಾ ಹಿಂದೆ. ಡಬ್ಬಗಳನ್ನು ಒಂದು ತಟ್ಟೆಯ ಮೇಲಿಟ್ಟ. ಸಮೃದ್ಧಿ ಇನ್ನೊಂದರಲ್ಲಿ ಕೂತಳು. ವಿಘ್ನೇಶ್ವರ ಅಂಥದ್ದೇ ಎರಡು ಖಾಲಿ ಡಬ್ಬ ತಂದು ಮಗಳ ಪಕ್ಕ ಇಟ್ಟ.

“ಇದೆಂತದು?” ಎಂದರು ಭಟ್ಟರು.

“ಡಬ್ಬದ ತೂಕ ದೇವರ ಲೆಕ್ಕಕ್ಕೆ ಹಾಕಲಾಗ.”

ಪರಿಮಳಾ ಹಣೆ ಚಚ್ಚಿಕೊಂಡಳು. ಜನ ನಕ್ಕರು. ಆಮೇಲೆ ನಗು ನಿಂತಿತು. ಸಮೃದ್ಧಿಯ ತಟ್ಟೆ ನೆಲ ಬಿಡಲಿಲ್ಲ. ಜೇನಿನ ತಟ್ಟೆ ಮೇಲೆ ತೂಗಾಡುತ್ತಿತ್ತು. ಮೂರ್ನಾಲ್ಕು ಕಿಲೋ ಕಡಿಮೆ. ಹನ್ನೆರಡು ವರ್ಷ ಬೆಟ್ಟ ಅಲೆದದ್ದು ಮೂರ್ನಾಲ್ಕು ಕಿಲೋಗೆ ಬಂದು ನಿಂತಿತ್ತು. ಹುಡುಗಿಯ ಕಣ್ಣಲ್ಲಿ ನೀರು ತುಂಬಿತು.

“ತಪ್ಪು ಕಾಣಿಕೆ ಇಟ್ಟು ಮುಗಿಸಿದರಾತು” ಎಂದರು ಭಟ್ಟರು ತಗ್ಗಿದ ದನಿಯಲ್ಲಿ.

“ಇಡ್ತಿಲ್ಲೆ” ಎಂದ ವಿಘ್ನೇಶ್ವರ. “ಯನ್ನಿಂದ ತಪ್ಪಾದ್ದು ಒಂದೇ ದಿನ. ಅದನ್ನ ಆನು ದೇವರಿಗೆ ಆಗಲೇ ಹೇಳಿದ್ದೆ. ಈ ಕಡಿಮೆ ಬಂದದ್ದು ಎಲ್ಲಿ ಹೋತು ಹೇಳಿ ನಿಂಗಕ್ಕೂ ಗೊತ್ತಿದ್ದು ಭಟ್ರೇ.”

ಭಟ್ಟರು ಗರ್ಭಗುಡಿಯ ಕಡೆ ನೋಡಿದರು, ಶಲ್ಯ ಸರಿ ಮಾಡಿಕೊಂಡರು. ಅವರ ತಾಯಿ ತೀರಿಕೊಂಡು ಆಗಿನ್ನೂ ವರ್ಷ ತುಂಬಿತ್ತಷ್ಟೇ. ಮುಂದೆ ಬಂದು, ಜೇನಿನ ತಟ್ಟೆಯ ಮೇಲೆ ಬಲಗೈ ಇಟ್ಟು ಒತ್ತಿದರು.

“ಭಟ್ರೇ, ಎಂತ ಮಾಡ್ತ್ರಿ?”

“ಸುಮ್ಮನಿರು ಮಾರಾಯ. ಇದು ಆಯಿ ತಿಂದ ಜೇನು.”

ತಟ್ಟೆ ಒಂದಿಷ್ಟು ಇಳಿಯಿತು. ಮುದಿ ಕೈ, ಪೂರ್ತಿ ಇಳಿಸಲು ಸಾಲಲಿಲ್ಲ. ವಿಘ್ನೇಶ್ವರ ತಿರುಗಿ ನೋಡಿದ. ನಾಗಿ ಅಂಗಳದ ಅಂಚಿನಲ್ಲಿ, ಕಂಬದಿಂದ ಆಚೆಗೆ ನಿಂತಿದ್ದಳು.

“ನಾಗೀ, ಬಾ ಇಲ್ಲಿ. ಗೀತನ ಪಾಲೂ ಇದೆ ಇದ್ರಲ್ಲಿ.”

ನಾಗಿ ಬೆಚ್ಚಿದಳು. “ನಾನಾ? ಬ್ಯಾಡ್ರಾ ಹೆಗಡೇರೆ...” ಎಂದು ಭಟ್ಟರ ಮುಖ ನೋಡಿದಳು. ಇಡೀ ಅಂಗಳವೇ ಭಟ್ಟರ ಮುಖ ನೋಡಿತು. ಭಟ್ಟರು ಒಂದು ಕ್ಷಣ ತಡೆದರು. ಆಮೇಲೆ ತಮ್ಮ ಕೈಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ಜಾಗ ಮಾಡಿದರು.

ನಾಗಿ ಸೆರಗಿಗೆ ಕೈ ಒರೆಸಿಕೊಂಡು ಬಂದು ತಟ್ಟೆಯ ಮೇಲೆ ಕೈಯಿಟ್ಟಳು. ಸಮೃದ್ಧಿಯ ತಟ್ಟೆ ನೆಲ ಬಿಟ್ಟಿತು. ಆಸ್ಪತ್ರೆಯ ಅಂಗಳದಲ್ಲೂ ಅಳದ ವಿಘ್ನೇಶ್ವರ ಅಂದು ಎಲ್ಲರೆದುರು ಬಿಕ್ಕಿ ಬಿಕ್ಕಿ ಅತ್ತ, ನಾಚಿಕೆಪಡಲಿಲ್ಲ.

ಮಂಗಳಾರತಿ ಮುಗಿದ ಮೇಲೆ ಭಟ್ಟರು ಡಬ್ಬಗಳ ಮುಂದೆ ನಿಂತು ಕೇಳಿದರು: “ಇಷ್ಟು ಜೇನು ಎಲ್ಲಿ ಇಡದು ಮಾರಾಯ?”

“ಎಲ್ಲಾದ್ರೂ ಇಡಿ ಭಟ್ರೇ. ಬೀಗ ಒಂದು ಹಾಕಬೇಡಿ.”