ಸೋತವನು ತಂದ ತಟ್ಟೆ

ಹುಣಸೆಹಣ್ಣಿನ ಹುಳಿ ವಾಸನೆ ಮೂಗಿಗೆ ಬಡಿದಾಗ ನಾನು ಹತ್ತನೆಯ ತರಗತಿಯ ಚರಿತ್ರೆ ಪುಸ್ತಕ ತೆರೆದು ಕೂತಿದ್ದೆ. ಹಿತ್ತಲಲ್ಲಿ ಹೆಂಡತಿ ಹಿತ್ತಾಳೆಯ ತಟ್ಟೆಯೊಂದನ್ನು ಉಜ್ಜುತ್ತಿದ್ದಳು. ಪುಸ್ತಕದಲ್ಲಿ ಎರಡನೆಯ ಮಹಾಯುದ್ಧ ಮುಗಿಯುತ್ತ ಬಂದಿತ್ತು: ಗೆಲ್ಲಲಿರುವ ಮೂರು ದೇಶಗಳ ನಾಯಕರು ಮೂರು ಕುರ್ಚಿಗಳಲ್ಲಿ ಕೂತ ಚಿತ್ರ. ಜರ್ಮನಿ ಹೇಗೆ ಶರಣಾಗಬೇಕು, ಆಮೇಲೆ ಯಾವ ನೆಲ ಯಾರ ಕೈಗೆ, ಎಲ್ಲ ಅಲ್ಲೇ ಮಾತಾಗುತ್ತಿದೆ. ಪೋಲೆಂಡಿನ ಮೇಲೆ ದಾಳಿಯಾಯಿತೆಂದು ಶುರುವಾದ ಯುದ್ಧ ಅದು. ಪೋಲೆಂಡಿಗೆ ಮಾತ್ರ ಅಲ್ಲಿ ಕುರ್ಚಿಯಿಲ್ಲ. ಇದನ್ನು ವರ್ಷವರ್ಷವೂ ಪಾಠ ಮಾಡಿದ್ದೇನೆ, ಆಕಳಿಸುತ್ತ.

ಆ ತಟ್ಟೆ ನಮ್ಮದಲ್ಲ. ಯಾರದೆಂದು ಹೇಳಬೇಕಾದರೆ ನೀವು ನಮ್ಮ ಸೊರಬದ ಹಳೆಯ ಮನೆಯ ಪಡಸಾಲೆಯಲ್ಲಿ ಸ್ವಲ್ಪ ಹೊತ್ತು ಕೂರಬೇಕು.

ಗೌರತ್ತೆ ಅಪ್ಪನ ತಂಗಿ. ಅವಳನ್ನು ತಾಳಗುಂದಕ್ಕೆ ಕೊಟ್ಟಿತ್ತು. ಗಂಡ ತೀರಿಕೊಂಡ ಮೇಲೆ ಮೈದುನ ರುದ್ರಪ್ಪ ಅವಳಿದ್ದ ಮನೆಗೆ ಕೀಲಿ ಹಾಕಿದ. ಅವಳು ಬಟ್ಟೆಗಂಟು ಹಿಡಿದು ನಮ್ಮಲ್ಲಿಗೆ ಬಂದಳು. ಅಪ್ಪ ಕೆರಳಿದ. ಶಿಕಾರಿಪುರದಲ್ಲಿ ಕಾಳಿನ ವ್ಯಾಪಾರ ಮಾಡುತ್ತಿದ್ದ ಅವಳ ಗಂಡನ ಅಣ್ಣ ಈರಪ್ಪನವರಿಗೂ ರುದ್ರಪ್ಪನ ಮೇಲೆ ತಮ್ಮದೇ ಸಿಟ್ಟಿತ್ತು. ಅಪ್ಪ ಮತ್ತು ಈರಪ್ಪ ಅದುವರೆಗೆ ಮದುವೆಮನೆಯಲ್ಲೂ ಒಂದೇ ಸಾಲಿನಲ್ಲಿ ಉಣ್ಣಲು ಕೂತವರಲ್ಲ. ಈಗ ಒಂದಾದರು. ರುದ್ರಪ್ಪನ ಹೊಲಕ್ಕೆ ಆಳು ಹೋಗದಂತೆ, ಅವನ ಮೆಕ್ಕೆಜೋಳವನ್ನು ಯಾರೂ ಕೊಳ್ಳದಂತೆ ಮಾಡಿದರು. ಕೊನೆಗೆ ಅವನು ಸೋತೆನೆಂದು ಹೇಳಿಕಳಿಸಿದ.

ಅವನು ಬರುವ ದಿನ ಷರತ್ತು ಗೊತ್ತುಮಾಡಲು ಇಬ್ಬರೂ ಬೆಳಿಗ್ಗೆಯೇ ಕೂತರು. ಆಗಷ್ಟೇ ಮೇಷ್ಟರಾಗಿದ್ದ ನನ್ನನ್ನೂ ತಿಳಿದವನೆಂದು ಕೂರಿಸಿಕೊಂಡರು. ನನಗೆ ತಿಳಿದಿದ್ದುದು ಯೂರೋಪಿನ ಗಡಿಗಳು. ಪಹಣಿ ಓದಲು ಬರುತ್ತಿರಲಿಲ್ಲ.

“ಮನಿ ನನ್ನ ಮಗನ ಕೈಯಾಗಿರ್ಲಿ ಬೀಗ್ರ. ಹೆಣ್ಮಗಳು ಒಬ್ಬಾಕಿ ಅಲ್ಲಿ ಹೆಂಗ್ ಇರ್ತಾಳ?” ಎಂದರು ಈರಪ್ಪ.

“ಇರ್ಲಿ ಮಾರಾಯ್ರೆ. ಆದ್ರೆ ಅವಳ ಪಾಲಿನ ಹೊಲ ಮಾಡ್ಸೋದು ನಾನು,” ಎಂದ ಅಪ್ಪ. “ಮನೆನೂ ನಿಮ್ಗೆ, ಹೊಲನೂ ನಿಮ್ಗೆ ಅಂದ್ರೆ ನಾನೇನು ಇಲ್ಲಿ ಭಜನೆ ಮಾಡ್ತಾ ಕೂರ್ಲಾ?”

“ತಂಗಿ ಸಲುವಾಗಿ ಜಗಳ ಅಂದಿದ್ರಲ್ಲ?”

“ತಂಗಿ ಎಲ್ಲೂ ಹೋಗಲ್ಲ. ನಮ್ಮಲ್ಲೇ ಇರ್ತಾಳೆ.”

ಗೌರತ್ತೆ ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದಳು. ಗಂಡನ ಅಣ್ಣನೆದುರು ಅವಳು ಬರುವಂತಿರಲಿಲ್ಲ, ದನಿಯೂ ಕೇಳಿಸುವಂತಿರಲಿಲ್ಲ. ನನ್ನನ್ನು ಕರೆದು ಪಿಸುಗುಟ್ಟಿದಳು: “ತಮ್ಮಾ, ನಾ ಮನಿಗೆ ಯಾವಾಗ ಹೋಗದು ಅಂತ ಕೇಳು.” ಸೊರಬದಲ್ಲಿ ಹುಟ್ಟಿದವಳ ನಾಲಿಗೆಗೆ ತಾಳಗುಂದದ ಮಾತು ಹತ್ತಿ ಎಷ್ಟೋ ಕಾಲವಾಗಿತ್ತು. ಕೇಳಿದೆ. “ಎಲ್ಲ ತೀರ್ಮಾನ ಆಗ್ಲಿ ತಡಿ,” ಎಂದ ಅಪ್ಪ.

ರುದ್ರಪ್ಪ ಬಂದ. ಕೈಯಲ್ಲಿ ಈ ತಟ್ಟೆ, ಅದರಲ್ಲಿ ಎಲೆ ಅಡಿಕೆ, ತೆಂಗಿನಕಾಯಿ. ತಪ್ಪೊಪ್ಪಿಕೊಂಡವನು ಅದನ್ನು ಹಿರಿಯರ ಕೈಗೆ ಕೊಡಬೇಕು. ಹಿರಿಯರು ಯಾರು? ವಯಸ್ಸಿಗೆ ಅಪ್ಪ, ಆ ಮನೆತನಕ್ಕೆ ಈರಪ್ಪ. ಇಬ್ಬರೂ ಕೈ ಚಾಚಿದರು. ಒಬ್ಬರೂ ಹಿಂದೆ ತೆಗೆಯಲಿಲ್ಲ.

ಮುಂದಿನದರಲ್ಲಿ ನನ್ನನ್ನು ಪೂರ್ತಿ ನಂಬಬೇಡಿ. ರುದ್ರಪ್ಪ ತಟ್ಟೆಯನ್ನು ನೆಲಕ್ಕೆ ಕುಕ್ಕಿದ ಎಂದು ಅಪ್ಪ ಸಾಯುವವರೆಗೂ ಹೇಳುತ್ತಿದ್ದ; ಅಂಚಿನಲ್ಲಿ ಒಂದು ತಗ್ಗು ಇರುವುದೂ ನಿಜ. ನನಗೆ ಕಾಣುವುದು ಬೇರೆ. ಅವನು ಸೀದಾ ಅಡುಗೆಮನೆಯ ಬಾಗಿಲಿಗೆ ನಡೆದ. ಅಪ್ಪ ಅವಳನ್ನು ಮಾತಾಡಿಸಬಹುದಿತ್ತು, ಮಾತಾಡಿಸಲಿಲ್ಲ; ಈರಪ್ಪ ಮಾತಾಡಿಸುವಂತಿರಲಿಲ್ಲ. ಕಿರಿಯ ಮೈದುನನಿಗೆ ಆ ತಡೆಯಿಲ್ಲ.

“ಅತ್ತಿಗಿ, ತಪ್ಪಾತು. ಕೀಲಿ ತಗದೀನಿ, ಒಲಿ ಸಾರಿಸೀನಿ. ಇವತ್ತ ಬರ್ರಿ.”

ಗೌರತ್ತೆ ತಟ್ಟೆ ಇಸಕೊಂಡಳು. “ನೀ ಒಲಿ ಸಾರಿಸೋದು ನಾ ಕಾಣೆನೇನು? ಅರ್ಧ ಬೂದಿ ಅಲ್ಲೇ ಇರ್ತತಿ,” ಎಂದು ನಕ್ಕಳು. ಗಂಟು ತರಲು ಒಳಗೆ ಹೋದಳು.

ಆ ನಗು ಈರಪ್ಪನವರಿಗೂ ಕೇಳಿಸಿತು. ಎದ್ದು ನಿಂತರು. “ಸೋತಾವ ಕರಿಯೋದು ಅಂದ್ರೇನು? ಯಾರು ಎಲ್ಲಿರಬೇಕು ಅಂತ ನಾವ್ ಹೇಳ್ತೀವಿ!” ಬೆಳಗಿನಿಂದ ಎಲ್ಲಕ್ಕೂ ಚೌಕಾಸಿ ಮಾಡಿದ್ದ ಅಪ್ಪ ಇದಕ್ಕೆ ಮಾತ್ರ ಹಾಗೇ ಒಪ್ಪಿದ. ಗಂಟು ಹಿಡಿದು ಬಂದ ತಂಗಿಗೆ ಒಳಗೆ ನಡಿ ಎಂದು ಗದರಿದ.

ಮುಂದಿನ ವಾರ ರುದ್ರಪ್ಪ ಎರಡು ತಟ್ಟೆ ಹಿಡಿದು ಬಂದ, ಒಬ್ಬೊಬ್ಬರಿಗೆ ಒಂದು. ಮನೆ ಈರಪ್ಪನವರ ಮಗನ ಕೈಗೆ ಹೋಯಿತು, ಹೊಲ ಅಪ್ಪನ ಕೈಗೆ. ಮಗ ಮನೆಯಲ್ಲಿ ಗೊಬ್ಬರದ ಚೀಲ ಪೇರಿಸಿದ. ಗೌರತ್ತೆ ನಮ್ಮಲ್ಲೇ ಉಳಿದಳು, ಗಂಟು ಬಿಚ್ಚದೆ. ಬೇಕಾದದ್ದನ್ನು ಕೈ ತೂರಿಸಿ ತೆಗೆಯುತ್ತಿದ್ದಳು, ಹಾಗೇ ತುರುಕುತ್ತಿದ್ದಳು. ಮೊದಲ ತಟ್ಟೆಯೂ ಅದರೊಳಗಿತ್ತು. ಕೊಟ್ಟುಕಳಿಸೋಣವೇ ಎಂದರೆ, “ಬಂದ ತಟ್ಟಿ ಬರಿದು ಕಳಸ್ತಾರೇನು? ನಾ ಹೋಗಾಗ ಸಕ್ಕರಿ ಹಾಕಿ ಕೊಡ್ತೀನಿ,” ಎನ್ನುತ್ತಿದ್ದಳು. ಆ ಗಂಟನ್ನು ಬಿಚ್ಚಿದವರು ನಾವು, ಮೊನ್ನೆ ಅವಳನ್ನು ಮಣ್ಣು ಮಾಡಿ ಬಂದ ಮೇಲೆ.

“ಇದನ್ನ ಎಲ್ಲಿ ಇಡ್ಲಿ?” ಹೆಂಡತಿ ತಟ್ಟೆ ಹಿಡಿದು ಎದುರು ನಿಂತಿದ್ದಳು.

ಇಷ್ಟು ವರ್ಷ ಪುಸ್ತಕದ ಆ ಚಿತ್ರದಲ್ಲಿ ಮೂವರ ಮುಖ ನೋಡಿದ್ದೆ. ಈಗ ಕುರ್ಚಿಗಳ ಹಿಂದೆ ಎಲ್ಲಾದರೂ ಬಾಗಿಲಿದೆಯೇ ಎಂದು ಹುಡುಕುತ್ತಿದ್ದೆ. ರುದ್ರಪ್ಪ ಇನ್ನೂ ತಾಳಗುಂದದಲ್ಲಿದ್ದಾನೆ. ಕಣ್ಣು ಮಂಜಾಗಿದೆಯಂತೆ.

“ಸಕ್ಕರೆ ಹಾಕು,” ಎಂದೆ.

“ಯಾರಿಗ್ರೀ?”

“ತಾಳಗುಂದಕ್ಕೆ. ಅತ್ತೆ ಕಳಿಸಿದ್ದು ಅಂತ ಕೊಟ್ಟು ಬರ್ತೀನಿ.”