ಸುಬೇದಾರನಿಗೆ ಮುಟ್ಟಿಸಿದ ಬಿಸಿ

ಯಂಕಂಚಿಯ ಸುಮಿತ್ರಾಬಾಯಿಯ ಹಿಟ್ಟಿನ ಗಿರಣಿಯಲ್ಲಿ ಪಾಳಿ ತಪ್ಪಿಸುವ ಧೈರ್ಯ ಯಾರಿಗೂ ಇರಲಿಲ್ಲ. ಜೋಳದ ಡಬ್ಬಿಗಳನ್ನು ಸಾಲಾಗಿ ಇಟ್ಟು ಜನ ನಿಶ್ಚಿಂತೆಯಿಂದ ಬೇರೆ ಕೆಲಸಕ್ಕೆ ಹೋಗುತ್ತಿದ್ದರು. ಹಿಂದಿನ ಡಬ್ಬಿಯನ್ನು ಯಾರಾದರೂ ಮೆಲ್ಲನೆ ಮುಂದಕ್ಕೆ ಸರಿಸಿದರೆ, ಬಾಗಿಲಲ್ಲಿ ಕುಳಿತ ನಾಯಿ ಎದ್ದು ಬೊಗಳುತ್ತಿತ್ತು. ಆ ಕಾರಣಕ್ಕೇ ಅದಕ್ಕೆ ಸುಬೇದಾರ ಎಂಬ ಹೆಸರು ಬಿದ್ದಿತ್ತು. 2011ನೆಯ ಇಸವಿ ಅಕ್ಟೋಬರ್ 27, ಗುರುವಾರ, ದೀಪಾವಳಿಯ ಪಾಡ್ಯದಂದು ಅದು ಕಣ್ಣು ಪಿಳುಕಿಸುವ ಮರಿಯಾಗಿ ಗಿರಣಿ ತಿರುಗಿಸುವ ಬೆಲ್ಟಿನ ಪಟ್ಟಾದ ಹಿಂದೆ ಬಂದು ಸೇರಿಕೊಂಡಿತು. ಸುಮಿತ್ರಾಬಾಯಿಯ ಗಂಡ ತೀರಿಕೊಂಡದ್ದು ಅದೇ ವರ್ಷದ ಶ್ರಾವಣದಲ್ಲಿ. ಹೆಣ್ಣುಮಗಳು ಗಿರಣಿ ನಡೆಸುವುದೆಂದರೇನು ಎಂದು ಊರೆಲ್ಲ ಬುದ್ಧಿ ಹೇಳುತ್ತಿದ್ದ ದಿನಗಳಲ್ಲಿ, ಬುದ್ಧಿ ಹೇಳದೆ ಜೊತೆಗೆ ಕುಳಿತದ್ದು ಅದೊಂದೇ.

ಆಕೆಗೆ ಸಿಟ್ಟು ಬಹಳ ಎನ್ನುವುದು ಊರಿನ ಮಾತು. ಸಿಟ್ಟಿಗೆ ಕಾರಣಗಳೂ ಇದ್ದವು ಎನ್ನುವುದನ್ನು ಮಾತ್ರ ಊರು ಹೇಳುತ್ತಿರಲಿಲ್ಲ.

2023ರ ಚಳಿಗಾಲಕ್ಕೆ ಸುಬೇದಾರನ ಮುಂಗಾಲುಗಳ ಕೀಲುಗಳು ಬಾತುಕೊಂಡವು. ಬೆಳಿಗ್ಗೆ ಏಳಲು ಹೋಗಿ, ಅರ್ಧಕ್ಕೇ ಕುಸಿದು, ಯಾರೂ ನೋಡಲಿಲ್ಲ ತಾನೇ ಎಂಬಂತೆ ಮುಖ ತಿರುಗಿಸಿಕೊಂಡು ಮಲಗುತ್ತಿತ್ತು. ಹಿಟ್ಟು ಬೀಸಿಸಿಕೊಳ್ಳಲು ಬಂದ ಗೈಬುಸಾಬ ನಕ್ಕ.

"ಸುಮಿತ್ರಕ್ಕಾ, ಸುಬೇದಾರಗ ಪಿಂಚಣಿ ಕೊಟ್ಟು ಎಲ್ಲೆರೆ ದೂರ ಬಿಟ್ಟು ಬರ್ರಿ."

"ನಿಮ್ಮ ಮನ್ಯಾಗ ಮುದುಕರು ಅದಾರಲ್ಲ, ಮೊದಲ ಅವರನ್ನ ಬಿಟ್ಟು ಬಾ. ಅದು ಎಂಥಾ ಜಾಗಾ ಅಂತ ಅವರನ್ನ ಕೇಳಿ, ಆಮ್ಯಾಲ ಇದನ್ನ ಕಳಸ್ತೇನಿ," ಎಂದಳು ಸುಮಿತ್ರಾಬಾಯಿ. ಗೈಬುಸಾಬನ ಡಬ್ಬಿ ಅಂದು ಕೊನೆಯ ಪಾಳಿಗೆ ಹೋಯಿತು.

2024ರ ಜನೆವರಿ 9, ಮಂಗಳವಾರ, ಆಕೆ ನಾಯಿಯನ್ನು ಟಂಟಂ ರಿಕ್ಷಾದಲ್ಲಿ ಮಲಗಿಸಿಕೊಂಡು ಸಿಂದಗಿಗೆ ಹೋದಳು. ಅಲ್ಲಿ ಸ್ವಂತ ದವಾಖಾನೆ ತೆರೆದಿದ್ದ ಪಶುವೈದ್ಯರು ಮೈಸೂರು ಕಡೆಯವರು, ಇನ್ನೂ ಚಿಕ್ಕ ವಯಸ್ಸು.

"ಸಂಧಿವಾತ ಅಮ್ಮಾ. ಪೂರ್ತಿ ವಾಸಿಯಾಗಲ್ಲ, ಆದ್ರೆ ನೋವು ಕಮ್ಮಿ ಮಾಡಬಹುದು. ಈ ಗುಳಿಗೆ ಊಟ ಆದ ಮೇಲೆ ಕೊಡಿ. ಮನುಷ್ಯರ ನೋವಿನ ಗುಳಿಗೆ ಮಾತ್ರ ಕೊಡಲೇಬೇಡಿ. ತಣ್ಣನೆ ನೆಲದ ಮೇಲೆ ಮಲಗಿಸಬೇಡಿ. ಬೆಳಿಗ್ಗೆ ಸಂಜೆ ಕೀಲಿಗೆ ಸ್ವಲ್ಪ ಬಿಸಿ ಮುಟ್ಟಿಸಿ," ಎಂದು, ಬಿಸಿನೀರಿನಲ್ಲಿ ಹಿಂಡಿದ ವಸ್ತ್ರವನ್ನು ಕೀಲಿನ ಮೇಲಿಟ್ಟು ತೋರಿಸಿದರು.

ಊರಿಗೆ ಬಂದವಳೇ ಗಿರಣಿಯ ಸಿಮೆಂಟು ನೆಲಕ್ಕೆ ಗೋಣಿಚೀಲ ಹಾಸಿದಳು. ಹಂಚಿನ ಮೇಲೆ ಕಲ್ಲುಪ್ಪು ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ, ಮೊದಲು ತನ್ನ ಮಣಿಕಟ್ಟಿನ ಮೇಲಿಟ್ಟು ನೋಡಿ, ಬಳಿಕ ನಾಯಿಯ ಕಾಲಿಗೆ ಒತ್ತಿದಳು. ಎರಡು ವಾರ ಕಳೆಯುವ ಹೊತ್ತಿಗೆ ಸುಬೇದಾರ ತಾನಾಗಿ ಮೆಲ್ಲಗೆ ಎದ್ದು ಡಬ್ಬಿಗಳ ಸಾಲನ್ನು ಮೂಸಿ ಬರುವಷ್ಟಾಯಿತು.

ಜನೆವರಿ 28, ರವಿವಾರ, ಮುದ್ದೇಬಿಹಾಳದಲ್ಲಿ ಬಸುರಿ ಮಗಳು ದಾನೇಶ್ವರಿಯ ಕುಬಸ, ಅಂದರೆ ಸೀಮಂತ. ಹಿಂದಿನ ದಿನವೇ ಹೊರಟ ಸುಮಿತ್ರಾಬಾಯಿ, ಯಂಕಂಚಿಯಲ್ಲೇ ಇದ್ದ ಅಣ್ಣ ಬಸಂತರಾಯನಿಗೆ ಗಿರಣಿಯ ಬೀಗದ ಕೈಯನ್ನೂ ನಾಯಿಯನ್ನೂ ಒಪ್ಪಿಸಿದಳು. ವೈದ್ಯರ ಮಾತನ್ನು ಹೆಚ್ಚುಕಡಿಮೆ ಮಾಡಿ ಹೇಳಬಾರದೆಂದು ಅವರ ಶಬ್ದಗಳನ್ನೇ ಹೇಳಿದಳು: "ಕೀಲಿಗೆ ಬಿಸಿ ಮುಟ್ಟಸ್ಬೇಕು ಅಂತ ಡಾಕ್ಟರು ಹೇಳ್ಯಾರ."

ಶಾಖಕ್ಕೆ ತಮ್ಮ ಕಡೆ ಹೇಳುವಂತೆ "ಉಪ್ಪಿನ ಶೇಕ ಕೊಡು" ಎಂದಿದ್ದರೆ ಮುಂದಿನದು ನಡೆಯುತ್ತಿರಲಿಲ್ಲ. ಏಕೆಂದರೆ ಆಕೆಯ ತವರುಮನೆಯಲ್ಲಿ ಕೀಲಿಗೆ 'ಮುಟ್ಟಿಸುವುದು' ಎಂಬುದಕ್ಕೆ ಒಂದೇ ಅರ್ಥ: ಕುಡಗೋಲಿನ ತುದಿಯನ್ನು ಕೆಂಪಗೆ ಕಾಸಿ ನೋವಿದ್ದಲ್ಲಿ ಬರೆ ಹಾಕುವುದು. ಎತ್ತಿಗೂ ಅದೇ, ಮಕ್ಕಳಿಗೂ ಅದೇ.

ಸೋಮವಾರ ಮಧ್ಯಾಹ್ನ ಆಕೆ ಬಸ್ಸಿನಿಂದಿಳಿದು ಬಂದಾಗ ನೆರೆಮನೆಯ ಶಮಶಾದಬಿ ಗಿರಣಿಯ ಕಟ್ಟೆಯ ಮೇಲೆ ಕಾದು ಕುಳಿತಿದ್ದಳು.

"ಅಕ್ಕಾ, ಕುಬಸ ಚಲೋ ಆತೇನ್ರಿ?"

"ಸುಬೇದಾರ ಎಲ್ಲಿ?"

"ಮೊದಲ ಒಂದೀಟು ನೀರು ಕುಡೀರಿ."

"ಶಮಶಾದ, ನಾಯಿ ಎಲ್ಲಿ ಕೇಳಾಕತ್ತೇನಿ."

"ಒಳಗ ಐತ್ರಿ, ಪಟ್ಟಾದ ಹಿಂದ. ನಿನ್ನಿ ನಿಮ್ಮ ಅಣ್ಣಾರು ಕುಡಗೋಲು ಕಾಸಿ ಮುಟ್ಟಿಸಿದ್ರು. ನಾ ಬ್ಯಾಡ ಬ್ಯಾಡ ಅಂದ್ನಿ. ಡಾಕ್ಟರ ಹೇಳ್ಯಾರ ಅಂದ್ರು. ಅದರ ಚೀರಾಟ ಕೇಳಿ ನಮ್ಮ ಮನ್ಯಾಗ ಯಾರೂ ಉಣ್ಣಲಿಲ್ಲರಿ."

ಹನ್ನೆರಡು ವರ್ಷಗಳ ಹಿಂದೆ ಮರಿಯಾಗಿ ಸೇರಿಕೊಂಡಿದ್ದ ಮೂಲೆಯಲ್ಲೇ ಸುಬೇದಾರ ಮುದುಡಿ ಕುಳಿತಿತ್ತು. ಎಡಮುಂಗಾಲಿನ ಕೀಲಿನ ಮೇಲೆ ಎರಡು ಗೀರು. ರೋಮ ಸುಟ್ಟು, ಚರ್ಮ ಹರಿದು, ಕೆಂಪು ಮಾಂಸ ಕಾಣುತ್ತಿತ್ತು. ಆಕೆ ಕೈ ಚಾಚಿದಾಗ, ಆಕೆಯದೇ ಕೈಗೆ, ನಾಯಿ ಬೆದರಿ ಹಿಂದೆ ಸರಿಯಿತು. ಸುಮಿತ್ರಾಬಾಯಿ ಅಳಲಿಲ್ಲ. ಮುದ್ದೇಬಿಹಾಳದಿಂದ ತಂದಿದ್ದ ಬುತ್ತಿಯ ಗಂಟನ್ನು ನೆಲಕ್ಕೆ ಕುಕ್ಕಿದ ರಭಸಕ್ಕೆ ಉಂಡಿಗಳು ಪುಡಿಯಾದವು.

ಸಂಜೆ ಬಸಂತರಾಯ ತಾನೇ ಬಂದ. ಅವನ ಕೆಮ್ಮು ಕೇಳಿದ್ದೇ ತಡ, ಸುಬೇದಾರ ಧಡಕ್ಕನೆ ನಾಲ್ಕೂ ಕಾಲಿನ ಮೇಲೆ ಎದ್ದು ನಿಂತಿತು.

"ನೋಡು," ಎಂದ ಬಸಂತರಾಯ. ಅವನ ಮುಖದಲ್ಲಿ ನಿಜವಾದ ಸಂತೋಷವಿತ್ತು. "ಎದ್ದು ನಿಂತ ಹೌದಲ್ಲ? ನಿನ್ನ ಗುಳಿಗಿ ಇಪ್ಪತ್ತು ದಿನದಾಗ ಮಾಡಲಾರದ್ದು ಒಂದ ದಿನದಾಗ ಆತು. ಬರೂ ರವಿವಾರ ಬಲಗಾಲಿಗೂ ಮುಟ್ಟಿಸಿ ಬಿಡ್ತೇನಿ."

"ಯಾರು ಹೇಳಿದ್ರು ನಿನಗ?"

"ನೀನ ಹೇಳಿದಿ. ಬಿಸಿ ಮುಟ್ಟಸು ಅಂದಿ, ಮುಟ್ಟಿಸೀನಿ. ಈಗ ನನಗ ಕಣ್ಣು ಬಿಡ್ತಿ?"

"ಉಪ್ಪಿನ ಗಂಟು ಒಲಿ ಮ್ಯಾಲ ಇಟ್ಟು ಹೋಗಿದ್ನಿ. ಅದು ಕಾಣಲಿಲ್ಲೇನು?"

"ಉಪ್ಪಿನಿಂದ ಏನ ಆಗತೈತಿ ತಂಗಿ? ಸಣ್ಣಾಕಿ ಇದ್ದಾಗ ನಿನ್ನ ಮೊಣಕಾಲು ಹಿಂಗ ಬಾತಿತ್ತು. ಅಪ್ಪ ಮುಟ್ಟಿಸಿದ, ನಾ ಹಿಡಕೊಂಡಿದ್ನಿ. ಮರುದಿನ ನೀ ಪಾಟಿಚೀಲ ಹಿಡಕೊಂಡು ಸಾಲಿಗೆ ನಡಕೋತ ಹೋದಿ. ನೆನಪಿಲ್ಲೇನು?"

ನೆನಪಿತ್ತು. 1977ರ ಹೋಳಿ ಹುಣ್ಣಿಮೆ ಕಳೆದ ಮೇಲಿನ ಒಂದು ರವಿವಾರ. ತಾರೀಖನ್ನು ಬರೆದಿಡುವವರು ಆ ಮನೆಯಲ್ಲಿ ಇರಲಿಲ್ಲ. ಸುಮಿತ್ರಾಬಾಯಿ ಸೀರೆಯ ಅಂಚನ್ನು ಮೊಣಕಾಲಿನವರೆಗೆ ಎತ್ತಿದಳು. ಅಲ್ಲಿ ಎರಡು ಗೀರುಗಳಿದ್ದವು, ಮಾಸಿದ್ದವು, ಹೋಗಿರಲಿಲ್ಲ.

"ನಡದ್ನಿ," ಎಂದಳು. "ಹಲ್ಲು ಕಚ್ಚಿ ನಡದ್ನಿ. ಅಪ್ಪ ಆರಾಮ ಆತೇನು ಅಂತ ಕೇಳಿದ, ಆತು ಅಂದ್ನಿ. ಆಗಿಲ್ಲ ಅಂದ್ರ ಇನ್ನೊಂದು ಕಾಲಿಗೂ ಮುಟ್ಟಸ್ತೇನಿ ಅಂದಿದ್ದ. ನೀನೂ ಹಿಂದ ನಿಂತಿದ್ದಿ. ಆ ನೋವು ಮಳಿಗಾಲದ ತನಕಾ ಇತ್ತು. ಇಷ್ಟು ವರ್ಷ ಎಲ್ಲಾರ ಮುಂದ ನಮ್ಮ ಸುಮಿತ್ರಾಗ ಆರಾಮ ಆತು, ಆರಾಮ ಆತು ಅಂತ ಹೇಳಿ ಎಷ್ಟು ಎತ್ತು, ಎಷ್ಟು ಕೂಸು ಸುಟ್ಟೀರಿ ನೀವು?"

ಬಸಂತರಾಯ ಎದ್ದು ನಿಂತ ನಾಯಿಯ ಕಡೆ ಕೈ ತೋರಿಸಿದ.

"ಇದಕ್ಕ ಬಾಯಿ ಇಲ್ಲ. ಇದ್ದಿದ್ರ ಅದೂ ಆರಾಮ ಆತು ಅಂತಿತ್ತು. ನಿನ್ನ ಕೆಮ್ಮು ಕೇಳಿ ಎದ್ದು ನಿಂತೈತಿ ಅದು. ನಿನಗ ಅಂಜಿ. ಕಾಲು ನೋಡು ಹೆಂಗ ನಡಗಾಕತ್ತಾವ. ನೀ ಹೋಗು. ನೀ ಹೋಗೂ ತನಕಾ ಅದು ಕುಂಡ್ರಂಗಿಲ್ಲ."

ಅವನು ಹೋದ. ಹೆಜ್ಜೆಯ ಸದ್ದು ಓಣಿಯ ತಿರುವಿನಲ್ಲಿ ಅಡಗಿದ ಮೇಲೆ ಸುಬೇದಾರ ಕುಸಿದು ಕುಳಿತಿತು.

ಮರುದಿನ ಸಿಂದಗಿಯಲ್ಲಿ ವೈದ್ಯರು ಸುಟ್ಟಗಾಯವನ್ನು ನೋಡಿ ಬೆಚ್ಚಿ, "ಏನಮ್ಮಾ ಇದು?" ಎಂದಾಗ, ಅವರಿಗೂ ಆಕೆಯಿಂದ ಬಿಡುಗಡೆ ಸಿಗಲಿಲ್ಲ.

"ನೀವು ಹೇಳಿದ ಬಿಸಿ ರೀ ಇದು. ನಮ್ಮ ಸೀಮಿಗೆ ಬಂದೀರಿ, ನಮ್ಮ ಮಾತು ಕಲೀರಿ. ಇನ್ನ ಮ್ಯಾಲ ಯಾರಿಗೂ ಮುಟ್ಟಸ್ರಿ ಅನಬ್ಯಾಡ್ರಿ. ಶೇಕ ಕೊಡ್ರಿ ಅನ್ರಿ."

ವೈದ್ಯರು ತಲೆ ತಗ್ಗಿಸಿ ಗಾಯ ತೊಳೆದರು. "ಶೇಕ," ಎಂದು ಒಮ್ಮೆ ತಮ್ಮಷ್ಟಕ್ಕೆ ಹೇಳಿಕೊಂಡರು.

ಫೆಬ್ರುವರಿ 4ರ ರವಿವಾರ ಬಸಂತರಾಯ ಬರಿಗೈಯಲ್ಲಿ ಬಂದು ಗಿರಣಿಯ ಎದುರಿನ ಬೇವಿನ ಮರದಡಿ ನಿಂತ. ಸುಬೇದಾರ ಎದ್ದು ನಿಂತಿತು. "ಎದ್ದಾನ ನೋಡು. ಹೋಗು," ಎಂದಳು ಸುಮಿತ್ರಾಬಾಯಿ. ಮುಂದಿನ ರವಿವಾರವೂ ಹಾಗೆಯೇ ಆಯಿತು. ಹಿಟ್ಟಿಗೆ ಬಂದವರು ನೋಡುತ್ತಿದ್ದರು. "ಅಣ್ಣ ಅದಾರಲ್ಲಕ್ಕಾ, ಒಂದು ಕಪ್ಪು ಚಾ ಆದ್ರೂ ಕೊಡ್ರಿ," ಎಂದ ಗೈಬುಸಾಬನಿಗೆ, "ನೀ ಡಬ್ಬಿ ಮುಂದ ಸರಿಸಿದ್ದು ನೋಡೇನಿ, ಹಿಂದ ಇಡು," ಎಂಬ ಉತ್ತರ ಸಿಕ್ಕಿತು.

ಗಾಯಕ್ಕೆ ಹೊಸ ಚರ್ಮ ಬಂತು, ರೋಮ ಬರಲಿಲ್ಲ. ಉಪ್ಪಿನ ಗಂಟನ್ನು ಕಂಡರೆ ಬೆದರುತ್ತಿದ್ದ ನಾಯಿ, ಸುಮಿತ್ರಾಬಾಯಿ ಮೊದಲು ತನ್ನ ಮೊಣಕಾಲಿನ ಮೇಲೆ ಅದನ್ನಿಟ್ಟುಕೊಂಡು ಕುಳಿತು ತೋರಿಸಿದ ಮೇಲೆ, ಮೆಲ್ಲಗೆ ಕಾಲು ಚಾಚತೊಡಗಿತು.

ಮಾರ್ಚ್ 10, ರವಿವಾರ, ಬೆಳಿಗ್ಗೆ. ಬಸಂತರಾಯ ಬೇವಿನ ಮರದಡಿ ಬಂದು ಕೆಮ್ಮಿದ. ಗೋಣಿಚೀಲದ ಮೇಲೆ ಮಲಗಿದ್ದ ಸುಬೇದಾರ ತಲೆ ಎತ್ತಿ ಅವನತ್ತ ನೋಡಿತು. ಸುಮಿತ್ರಾಬಾಯಿ ಗಿರಣಿಯನ್ನು ನಿಲ್ಲಿಸಿದಳು. ನಾಯಿ ಬಹಳ ಹೊತ್ತು ನೋಡಿ, ನಿಟ್ಟುಸಿರು ಬಿಟ್ಟು, ತಲೆಯನ್ನು ಮತ್ತೆ ಮುಂಗಾಲುಗಳ ಮೇಲೆ ಇಟ್ಟುಕೊಂಡಿತು.

"ಇವತ್ತ ಎದ್ದಿಲ್ಲ," ಎಂದ ಬಸಂತರಾಯ, ಕೇಳಿಸಿತೋ ಇಲ್ಲವೋ ಎಂಬ ದನಿಯಲ್ಲಿ.

"ಅದರ ಸಿಟ್ಟು ಇಳದಿರಬೇಕು," ಎಂದಳು ಸುಮಿತ್ರಾಬಾಯಿ. "ನಂದು ಇಳದಿಲ್ಲ. ಮನಿಗೆ ಹೋಗು. ಬರೂ ರವಿವಾರ ಬಾ."

ಗಿರಣಿ ಮತ್ತೆ ಶುರುವಾಯಿತು.